ಬಿ.ಎಡ್. ಮಾಡ್ಬೇಕಾ ಮೇಡಂ?

ಪಿ.ಯು.ಸಿ. ರಿಸಲ್ಟ್ ಬಂದ ಮೇಲೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಹೈಸ್ಕೂಲ್ ಟೀಚರ್ ಆಗಬೇಕು, ಏನು ಓದಬೇಕು, ಎಲ್ಲಿ ಓದಬೇಕು? ಹಾಗಾಗಿ ಈ ಸಲ ಪುಟ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಬರೆದಿದ್ದಾರೆ, ಬಡಾವಣೆ ಮಾತ್ರ ಹಾಕಿದ್ದೇನೆ. ಪತ್ರಗಳನ್ನು ಚುಟುಕು ಮಾಡಿದ್ದೇನೆ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಉತ್ತರದಲ್ಲಿ ಅಲ್ಲಲ್ಲಿ ಕ್ಲಾಸ್‌ರೂಮಿನ ದನಿ ಕೇಳಿಸಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ಸೆಕೆಂಡ್ ಪಿ.ಯು.ಸಿ. ಸೈನ್ಸ್ ಮುಗಿಸಿದ್ದೇನೆ, ಪಿ.ಸಿ.ಎಂ.ಬಿ. ನನಗೆ ಗಣಿತದ ಟೀಚರ್ ಆಗೋ ಆಸೆ. ಮನೆಯಲ್ಲಿ ನೀಟ್ ಅನ್ನುತ್ತಾರೆ. ಬಿ.ಎಸ್ಸಿ. ಮಾಡಿ ಬಿ.ಎಡ್. ಮಾಡೋದಾ, ಇಲ್ಲ ನಾಲ್ಕು ವರ್ಷದ ಕೋರ್ಸ್ ಸೇರೋದಾ? (ಹೆಸರಘಟ್ಟ)

ಮನೆಯವರ ಜೊತೆ ನೀಟ್ ಜಗಳ ನೀನೇ ಮುಗಿಸಿಕೋ ಮಗು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಉಳಿದದ್ದು ಹೇಳುತ್ತೇನೆ.

ಮೊದಲು ಯಾವ ಕ್ಲಾಸಿಗೆ ಯಾವ ಓದು ಅನ್ನೋದು ಗೊತ್ತಿರಬೇಕು. ಒಂದರಿಂದ ಐದನೇ ಕ್ಲಾಸಿಗೆ ಪಿ.ಯು.ಸಿ. ಆದ ಮೇಲೆ ಎರಡು ವರ್ಷದ ಡಿ.ಎಲ್.ಎಡ್. ಹಳಬರು ಟಿ.ಸಿ.ಎಚ್., ಡಿ.ಎಡ್. ಅನ್ನುತ್ತಿದ್ದರಲ್ಲ, ಅದೇ. ಆರರಿಂದ ಎಂಟಕ್ಕೆ ಪದವಿ ಮತ್ತು ಟ್ರೈನಿಂಗ್ ಎರಡೂ ಬೇಕು. ಇವರನ್ನು ಪದವೀಧರ ಪ್ರಾಥಮಿಕ ಶಿಕ್ಷಕರು ಅನ್ನುತ್ತಾರೆ. ಹೈಸ್ಕೂಲಿಗೆ ಪದವಿ ಜೊತೆಗೆ ಬಿ.ಎಡ್. ಪಿ.ಯು. ಕಾಲೇಜಿಗೆ ಹೋಗಬೇಕಾದರೆ ಸ್ನಾತಕೋತ್ತರ ಪದವಿಯೂ ಬೇಕು, ಬಿ.ಎಡ್. ಕೂಡ ಬೇಕು. ಬಿ.ಎಡ್. ಒಂದು ಇದ್ದರೆ ಒಂದನೇ ಕ್ಲಾಸಿನಿಂದ ಎಲ್ಲಕ್ಕೂ ಆಗುತ್ತೆ ಅಂತ ಈಗಲೂ ನಂಬಿರುವವರು ಇದ್ದಾರೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮಾತಿಗೆ ಕೊನೆ ಹಾಡಿತು. ಪುಟ್ಟ ಮಕ್ಕಳಿಗೆ ಕಲಿಸೋದೇ ಬೇರೆ ವಿದ್ಯೆ, ಅದಕ್ಕೆ ಬಿ.ಎಡ್. ಸಾಲದು ಅಂತ ಹೇಳಿತು.

ಇನ್ನು ನಿನ್ನ ವಿಷಯ. ಸರ್ಕಾರಿ ಹೈಸ್ಕೂಲಿನಲ್ಲಿ 'ಗಣಿತದ ಟೀಚರ್' ಅಂತ ಒಂಟಿ ಹುದ್ದೆ ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ನಮ್ಮನ್ನು ಕರೆಯುವುದೇ 'ಪಿ.ಸಿ.ಎಂ. ಮೇಡಂ', 'ಸಿ.ಬಿ.ಝಡ್. ಮೇಷ್ಟ್ರು' ಅಂತ. ಪಿ.ಸಿ.ಎಂ.ನವರು, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು, ಗಣಿತದ ಜೊತೆಗೆ ವಿಜ್ಞಾನದಲ್ಲೂ ಪಾಲು ತಗೋಬೇಕು. ಸಿ.ಬಿ.ಝಡ್. ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು. ನಿನ್ನ ನಾಲ್ಕು ಅಕ್ಷರದಲ್ಲಿ ಕೊನೆಯ 'ಬಿ'ಗೆ ಈಗಲೇ ನಮಸ್ಕಾರ ಹೇಳು. ಡಿಗ್ರಿಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ತಗೊಂಡರೆ ಮುಂದೆ ಯಾವ ಅರ್ಜಿಯಲ್ಲೂ ತಕರಾರು ಬರುವುದಿಲ್ಲ. ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಸಿಗುತ್ತೆ, ಡಿಮ್ಯಾಂಡ್ ಜಾಸ್ತಿ ಅಂತ ಕಾಲೇಜಿನವರು ಹೇಳಬಹುದು. ಸಾಫ್ಟ್‌ವೇರ್ ಕಡೆ ಹೋಗೋರಿಗೆ ಸರಿ. ಟೀಚರ್ ಆಗೋರು ಹಳೇ ಪಿ.ಸಿ.ಎಂ. ಹಿಡಿದುಕೊಳ್ಳೋದೇ ಕ್ಷೇಮ. ಡಿಗ್ರಿ ಸೇರುವ ದಿನ ಐದು ನಿಮಿಷದಲ್ಲಿ ಟಿಕ್ ಹಾಕಿದ ಕಾಂಬಿನೇಷನ್ ನೇಮಕಾತಿ ಅರ್ಜಿಯಲ್ಲಿ ಅಡ್ಡ ಬಂದು ಕೂತ ಎಷ್ಟೋ ಪತ್ರ ನನ್ನ ಮೇಜಿನ ಮೇಲಿವೆ.

ಈಗ ಎರಡು ದಾರಿ. ಒಂದು, ಮೂರು ವರ್ಷದ ಬಿ.ಎಸ್ಸಿ. ಮುಗಿಸಿ ಎರಡು ವರ್ಷದ ಬಿ.ಎಡ್. ಕರ್ನಾಟಕದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ವಾಪಸ್ ಆಯಿತು. ಅಲ್ಲಿಗೆ ಒಟ್ಟು ಐದು ವರ್ಷ. ಬಿ.ಎಡ್.ಗೆ ಡಿಗ್ರಿಯಲ್ಲಿ ಶೇ 50 ಇರಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ ಒಂದರವರಿಗೆ ಶೇ 45 ಸಾಕು. ಸರ್ಕಾರಿ ಕೋಟಾದ ಸೀಟಿಗೆ ಪ್ರವೇಶ ಪರೀಕ್ಷೆ ಇಲ್ಲ. ಡಿಗ್ರಿ ಅಂಕದ ಮೇಲೆ ಮೆರಿಟ್ ಲಿಸ್ಟ್ ಮಾಡಿ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಸೀಟು ಹಂಚುತ್ತದೆ. ಅಂದರೆ ಮೊದಲ ಸೆಮಿಸ್ಟರಿನ ಅಂಕವೂ ಲೆಕ್ಕಕ್ಕೆ ಬರುತ್ತೆ. 'ಫಸ್ಟ್ ಇಯರ್ ತಾನೇ' ಅಂತ ಕೂರಬೇಡ.

ಇನ್ನೊಂದು, ಪದವಿ ಮತ್ತು ಬಿ.ಎಡ್. ಒಟ್ಟಿಗೇ ಮುಗಿಯುವ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸ್, ಐಟೆಪ್ ಅನ್ನುತ್ತಾರೆ. 2023ರಿಂದ ಶುರುವಾಗಿದೆ. ಇದಕ್ಕೆ ಎನ್.ಸಿ.ಇ.ಟಿ. ಅಂತ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ, ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನಿಂದ ಮೂರು ಗಂಟೆ ದೂರದಲ್ಲಿ, ಮೈಸೂರಿನ ಮಾನಸಗಂಗೋತ್ರಿ ಪಕ್ಕದಲ್ಲೇ, ಎನ್.ಸಿ.ಇ.ಆರ್.ಟಿ.ಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. 1963ರಿಂದ ಟೀಚರ್‌ಗಳನ್ನು ತಯಾರು ಮಾಡುತ್ತಿರುವ ಜಾಗ. ನಾವೆಲ್ಲ 'ಆರ್.ಐ.ಇ.' ಅನ್ನುತ್ತೇವೆ. ಕ್ಯಾಂಪಸ್ಸಿನ ಒಳಗೇ ಒಂದು ಶಾಲೆ ಇದೆ, ಅಲ್ಲಿಯ ಮಕ್ಕಳ ಮುಂದೆಯೇ ಪಾಠ ಮಾಡಿ ಕಲಿಯಬಹುದು. ಪೇಟೆಯ ಬಿ.ಎಡ್. ಕಾಲೇಜಿನವರಿಗೆ ಈ ಭಾಗ್ಯ ಇಲ್ಲ. ಅವರು ಅಕ್ಕಪಕ್ಕದ ಸ್ಕೂಲುಗಳ ಎಚ್.ಎಂ. ಮುಂದೆ ಪತ್ರ ಹಿಡಿದು ನಿಲ್ಲಬೇಕು.

ನನ್ನ ಅಭಿಪ್ರಾಯ ಕೇಳಿದೆಯಲ್ಲ, ಹೇಳುತ್ತೇನೆ. ಟೀಚರ್ ಆಗೋದು ಖಂಡಿತ ಅಂತಿದ್ದರೆ ಎನ್.ಸಿ.ಇ.ಟಿ. ಬರೆ. ಆರ್.ಐ.ಇ. ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರು, ಒಂದು ವರ್ಷವೂ ಉಳಿಯುತ್ತೆ. ಸಿಗಲಿಲ್ಲವೆಂದರೆ ಬೇಸರ ಬೇಡ, ಬಿ.ಎಸ್ಸಿ. ಸೇರು. 2020ರ ಶಿಕ್ಷಣ ನೀತಿಯಲ್ಲಿ 2030ರ ಹೊತ್ತಿಗೆ ನಾಲ್ಕು ವರ್ಷದ ಕೋರ್ಸೇ ಕನಿಷ್ಠ ಅರ್ಹತೆ ಆಗಬೇಕು ಅಂತ ಬರೆದಿದೆ. ಸ್ನಾತಕೋತ್ತರ ಪದವಿ ಆದವರಿಗೆ, ನಾಲ್ಕು ವರ್ಷದ ಡಿಗ್ರಿ ಆದವರಿಗೆ ಒಂದೇ ವರ್ಷದ ಬಿ.ಎಡ್. ಕೊಡುವ ಕರಡು ನಿಯಮವನ್ನೂ 2025ರಲ್ಲಿ ಎನ್.ಸಿ.ಟಿ.ಇ., ಅಂದರೆ ಟೀಚರ್ ಟ್ರೈನಿಂಗ್ ಕೋರ್ಸುಗಳಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ, ಹೊರಡಿಸಿತು. ಕರಡು ಅಂದರೆ ಕರಡೇ. ಅದನ್ನು ನಂಬಿಕೊಂಡು ಸುಮ್ನೆ ಮನೆಯಲ್ಲಿ ಕೂತು ವರ್ಷ ಕಳೆಯಬೇಡ.

ಪ್ರಶ್ನೆ: ಬಿ.ಇ. ಮಾಡಿ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ. ವಯಸ್ಸು ಮೂವತ್ನಾಲ್ಕು, ಒಬ್ಬ ಮಗ. ಈ ಕೆಲಸ ಸಾಕಾಗಿದೆ, ಟೀಚಿಂಗ್‌ಗೆ ಬರಬೇಕು. ಕೆಲಸ ಬಿಡದೆ ಬಿ.ಎಡ್. ಮಾಡಬಹುದಾ? 'ಕಾಲೇಜಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು' ಅಂತ ಒಬ್ಬರು ಹೇಳಿದ್ದಾರೆ. (ಮಹದೇವಪುರ)

ಆ 'ಒಬ್ಬರ' ನಂಬರನ್ನು ಮೊದಲು ಫೋನಿನಿಂದ ಅಳಿಸಿ.

ಬಿ.ಇ.ಯವರಿಗೆ ಬಿ.ಎಡ್. ಬಾಗಿಲು ತೆರೆದೇ ಇದೆ. ವಿಜ್ಞಾನ, ಗಣಿತ ಇದ್ದ ಎಂಜಿನಿಯರಿಂಗ್ ಓದಿ ಶೇ 55 ಅಂಕ ತೆಗೆದಿದ್ದರೆ ನೀವು ಅರ್ಹರು. ತೊಂದರೆ ಇರುವುದು 'ಕೆಲಸ ಬಿಡದೆ' ಅನ್ನುವ ಮಾತಿನಲ್ಲಿ. ರೆಗ್ಯುಲರ್ ಬಿ.ಎಡ್.ಗೆ ತರಗತಿಯಲ್ಲಿ ಶೇ 80 ಹಾಜರಿ, ಶಾಲೆಯ ಇಂಟರ್ನ್‌ಶಿಪ್‌ನಲ್ಲಿ ಶೇ 90 ಹಾಜರಿ ಬೇಕು ಅಂತ ಎನ್.ಸಿ.ಟಿ.ಇ. ನಿಯಮ. ಎರಡನೇ ವರ್ಷದಲ್ಲಿ ಹದಿನಾರು ವಾರ ಶಾಲೆಯಲ್ಲೇ ಇರಬೇಕು, ಬೆಳಗಿನ ಪ್ರಾರ್ಥನೆಯಿಂದ ಸಂಜೆ ಬೆಲ್ ಹೊಡೆಯೋವರೆಗೆ. ಸ್ಟ್ಯಾಂಡ್-ಅಪ್ ಮೀಟಿಂಗ್ ಮುಗಿಸಿ ಓಡಿಬಂದು ಪಾಠ ಮಾಡಿ ಹೋಗುವ ಹಾಗೆ ಇಲ್ಲ.

ಹಾಗಾದರೆ ಡಿಸ್ಟೆನ್ಸ್‌ನಲ್ಲಿ ಮಾಡೋಣ ಅಂತ ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಇಗ್ನೋದ ದೂರಶಿಕ್ಷಣ ಬಿ.ಎಡ್. ಇದೆ, ನಿಜ. ಆದರೆ ಅದು ಆಗಲೇ ಟ್ರೈನಿಂಗ್ ಆಗಿರುವ ಟೀಚರ್‌ಗಳಿಗೆ. ಡಿ.ಎಲ್.ಎಡ್. ಥರದ ಕೋರ್ಸನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ ಮಾತ್ರ. ನಿಮಗೆ ಬರುವುದಿಲ್ಲ.

ಹಾಜರಿ ಇಲ್ಲದ ಬಿ.ಎಡ್. ಮಾರೋರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಈ ಕಸುಬು ಜೋರಾಗಿದೆ. ಪ್ಯಾಕೇಜ್ ಅನ್ನುತ್ತಾರೆ. ಅಡ್ಮಿಷನ್, ಅಸೈನ್‌ಮೆಂಟ್, ಲೆಸನ್ ಪ್ಲಾನ್ ಪುಸ್ತಕ, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಎಲ್ಲ ಸೇರಿ ಒಂದೇ ರೇಟು. ಕಾಲೇಜು ಬೇರೆ ರಾಜ್ಯದಲ್ಲಿ ಇರುತ್ತೆ. ನನಗೆ ಪರಿಚಯದ ಒಬ್ಬಾಕೆ ಹೀಗೇ ಮಾಡಿಕೊಂಡರು. ಕೆಲಸಕ್ಕೆ ಅರ್ಜಿ ಹಾಕಿದ ಶಾಲೆಯಲ್ಲಿ ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಕೇಳಿದರು. ಅದರಲ್ಲಿದ್ದ ತಾರೀಕು, ಬಿ.ಎಡ್. ಮಾಡಿದ ತಾರೀಕು ಎರಡೂ ಒಂದರ ಮೇಲೊಂದು ಕೂತಿದ್ದವು. ಒಬ್ಬರೇ ಒಂದೇ ಹೊತ್ತಿಗೆ ಎರಡು ಊರಲ್ಲಿ ಹೇಗಿದ್ದಿರಿ ಅಂತ ಪ್ರಿನ್ಸಿಪಾಲರು ಕೇಳಿದಾಗ ಉತ್ತರ ಇರಲಿಲ್ಲ. ದುಡ್ಡೂ ಹೋಯಿತು, ಆ ಕೆಲಸವೂ ಹೋಯಿತು. ಯಾವ ಕಾಲೇಜಿಗೆ ಸೇರೋ ಮುಂಚೆಯೂ ಆ ವರ್ಷಕ್ಕೆ ಅದಕ್ಕೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯಾ, ಎಷ್ಟು ಸೀಟಿಗೆ ಇದೆ ಅಂತ ನೋಡಿ. ಎನ್.ಸಿ.ಟಿ.ಇ. ವೆಬ್‌ಸೈಟಿನಲ್ಲಿ ಪಟ್ಟಿ ಸಿಗುತ್ತೆ.

ನಿಮಗೆ ನಾನು ಹೇಳೋದು ಬೇರೆಯೇ. ಈಗಲೇ ರಾಜೀನಾಮೆ ಬರೆಯಬೇಡಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಸರ್ಕಾರಿ ಹೈಸ್ಕೂಲುಗಳಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ವಿಶೇಷ ತರಗತಿ ನಡೆಯುತ್ತೆ. ನಿಮ್ಮ ಮನೆ ಹತ್ತಿರದ ಶಾಲೆಯ ಎಚ್.ಎಂ. ಹತ್ತಿರ ಹೋಗಿ, ಶನಿವಾರ ಗಣಿತ ಹೇಳಿಕೊಡುತ್ತೇನೆ ಅಂತ ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ನಲವತ್ತು ಮಕ್ಕಳ ಮುಂದೆ ತ್ರಿಕೋನಮಿತಿ ಹೇಳಿ, ಅದರಲ್ಲಿ ಇಪ್ಪತ್ತು ಮಕ್ಕಳಿಗೆ ಭಿನ್ನರಾಶಿಯೇ ಬರೋದಿಲ್ಲ ಅಂತ ಗೊತ್ತಾದ ದಿನ ಮನೆಗೆ ಹೇಗೆ ಬರುತ್ತೀರಿ, ಅದನ್ನು ನೋಡಿಕೊಳ್ಳಿ. ತಲೆ ಕೆಟ್ಟು ಬಂದರೆ ಸಾಫ್ಟ್‌ವೇರೇ ವಾಸಿ. 'ಮುಂದಿನ ಶನಿವಾರ ಭಿನ್ನರಾಶಿಯಿಂದ ಶುರು ಮಾಡ್ತೀನಿ' ಅಂತ ಬಂದರೆ ಬಿ.ಎಡ್. ಅರ್ಜಿ ಹಾಕಿ.

ಸಂಬಳದ ಮಾತು ಮನೆಯವರ ಜೊತೆ ಕೂತು ಆಡಿ. ಖಾಸಗಿ ಶಾಲೆಯ ಮೊದಲ ಸಂಬಳ ನಿಮ್ಮ ಈಗಿನ ಸಂಬಳದ ಹತ್ತಿರವೂ ಬರುವುದಿಲ್ಲ. ವಯಸ್ಸಿನದ್ದೂ ನೆನಪಿರಲಿ. ಕೇಂದ್ರೀಯ ವಿದ್ಯಾಲಯದ ಟಿ.ಜಿ.ಟಿ., ಅಂದರೆ ಹೈಸ್ಕೂಲ್ ಮಟ್ಟದ ಹುದ್ದೆಗೆ ಸಾಮಾನ್ಯವಾಗಿ 35 ವರ್ಷದ ಮಿತಿ ಇದೆ, ಸಡಿಲಿಕೆ ಯಾರಿಗೆ ಎಷ್ಟು ಅಂತ ಅಧಿಸೂಚನೆಯಲ್ಲಿ ಕೊಟ್ಟಿರುತ್ತಾರೆ. ಖಾಸಗಿ ಶಾಲೆಯವರು ವಯಸ್ಸು ಅಷ್ಟಾಗಿ ನೋಡುವುದಿಲ್ಲ, ಡೆಮೊ ಕ್ಲಾಸ್ ನೋಡುತ್ತಾರೆ.

ಪ್ರಶ್ನೆ: ಟಿ.ಇ.ಟಿ. ಪಾಸಾಗಿದ್ದೇನೆ. ಕೆಲಸದ ಆರ್ಡರ್ ಯಾವಾಗ ಬರುತ್ತೆ? (ಕೆಂಗೇರಿ)

ಬರೋದಿಲ್ಲ ಅಪ್ಪ. ಟಿ.ಇ.ಟಿ. ನೇಮಕಾತಿ ಪರೀಕ್ಷೆ ಅಲ್ಲ, ಶಿಕ್ಷಕರ ಅರ್ಹತಾ ಪರೀಕ್ಷೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರು 90 ತೆಗೆದರೆ ಪಾಸು. ಪತ್ರಿಕೆ ಒಂದು ಒಂದರಿಂದ ಐದನೇ ಕ್ಲಾಸಿನ ಟೀಚರ್ ಆಗೋರಿಗೆ, ಪತ್ರಿಕೆ ಎರಡು ಆರರಿಂದ ಎಂಟರವರೆಗೆ. ಪಾಸಾದರೆ ಅರ್ಜಿ ಹಾಕೋಕೆ ಯೋಗ್ಯತೆ ಬಂತು, ಅಷ್ಟೇ. ಹುದ್ದೆ ಕರೆದಾಗ ಮತ್ತೆ ಸಿ.ಇ.ಟಿ., ಅಂದರೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ, ಬರೆಯಬೇಕು. ಈಗ ಒಳ್ಳೇ ಸುದ್ದಿ ಅಂದರೆ, ಮೊದಲು ಏಳು ವರ್ಷ ಇದ್ದ ಸರ್ಟಿಫಿಕೇಟಿನ ಅವಧಿ 2021ರಿಂದ ಜೀವನಪೂರ್ತಿ ಆಗಿದೆ.

'ನನಗೆ ಹೈಸ್ಕೂಲ್ ಬೇಕು, ಟಿ.ಇ.ಟಿ. ಯಾಕೆ' ಅಂತ ಇನ್ನೂ ಕೆಲವರು ಬರೆದಿದ್ದಾರೆ. ಆ ಪರೀಕ್ಷೆ ಹುಟ್ಟಿದ್ದೇ ಶಿಕ್ಷಣ ಹಕ್ಕು ಕಾಯ್ದೆಯ ಒಂದರಿಂದ ಎಂಟನೇ ಕ್ಲಾಸಿಗೆ. ಒಂಬತ್ತು, ಹತ್ತು ಅದರೊಳಗೆ ಬರುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗೋದೇ ಎಂಟರಿಂದ ಅಲ್ವಾ? ಹಾಗಾಗಿ ಪತ್ರಿಕೆ ಎರಡನ್ನು ಬರೆದಿಟ್ಟುಕೊಳ್ಳಿ. ಆರರಿಂದ ಎಂಟರ ಪದವೀಧರ ಶಿಕ್ಷಕರ ಹುದ್ದೆಗಳಿಗೂ ಅದು ಬೇಕೇ ಬೇಕು. 2022ರಲ್ಲಿ ಒಟ್ಟಿಗೆ 15,000 ಹುದ್ದೆ ಕರೆದರಲ್ಲ, ಅದು ಈ ಆರರಿಂದ ಎಂಟರದ್ದೇ. ಬಿ.ಎಡ್. ಇದ್ದೂ ಟಿ.ಇ.ಟಿ. ಇಲ್ಲದವರು ಆಗ ನೋಡುತ್ತಾ ನಿಲ್ಲಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದರಿಂದ ಎಂಟಕ್ಕೆ ಪಾಠ ಮಾಡುತ್ತಾ ಇರುವವರೂ, ಸರ್ವೀಸ್ ಐದು ವರ್ಷಕ್ಕಿಂತ ಜಾಸ್ತಿ ಉಳಿದಿದ್ದರೆ, ಟಿ.ಇ.ಟಿ. ಪಾಸು ಮಾಡಲೇಬೇಕು ಅಂದಿದೆ. ಕೇಂದ್ರೀಯ ವಿದ್ಯಾಲಯದ ಆಸೆ ಇದ್ದರೆ ಸಿ.ಬಿ.ಎಸ್.ಇ. ನಡೆಸುವ ಸಿ.ಟಿ.ಇ.ಟಿ. ಬೇರೆ ಬರೆಯಬೇಕು.

ಪ್ರಶ್ನೆ: ಬಿ.ಕಾಂ. ಮಾಡಿ ಬಿ.ಎಡ್. ಮಾಡಿದರೆ ಹೈಸ್ಕೂಲ್ ಸಿಗುತ್ತಾ? (ವಿಜಯನಗರ)

ಸೇರೋ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಎಸ್.ಎಸ್.ಎಲ್.ಸಿ.ಯಲ್ಲಿ ಕಾಮರ್ಸ್ ಅಂತ ಬೇರೆ ಪೇಪರ್ ಇಲ್ಲ. ಸಮಾಜ ವಿಜ್ಞಾನ ಪುಸ್ತಕದ ಕೊನೆಯಲ್ಲಿ ವ್ಯವಹಾರ ಅಧ್ಯಯನ ಅಂತ ಪುಟ್ಟ ಭಾಗ ಇದೆ, ಅದನ್ನು ಇತಿಹಾಸ, ಭೂಗೋಳ ಓದಿದ ಮೇಷ್ಟ್ರೇ ಮಾಡಿ ಮುಗಿಸುತ್ತಾರೆ. ಕಾಮರ್ಸ್ ಇಷ್ಟ ಇದ್ದರೆ ಎಂ.ಕಾಂ. ಮಾಡಿ, ಆಮೇಲೆ ಬಿ.ಎಡ್. ಮಾಡಿ, ಪಿ.ಯು. ಕಾಲೇಜಿನ ಕಡೆ ನೋಡಿ. ಎಂ.ಕಾಂ.ನಲ್ಲಿ ಶೇ 55 ಬರೋ ಹಾಗೆ ಓದಿ. ಬೆಂಗಳೂರಿನಲ್ಲಿ ಕಾಮರ್ಸ್ ಪಿ.ಯು.ಗೆ ಮಕ್ಕಳು ಯಾವತ್ತೂ ಕಡಿಮೆ ಆಗಿಲ್ಲ. ಹೈಸ್ಕೂಲನ್ನು ಮರೆತುಬಿಡಿ.

ಪ್ರಶ್ನೆ: ಮಗಳು ಬಿ.ಎಡ್. ಎರಡನೇ ವರ್ಷ. ಒಂದು ಸರ್ಕಾರಿ ಶಾಲೆಗೆ ಇಂಟರ್ನ್‌ಶಿಪ್ ಹಾಕಿದ್ದಾರೆ. ಒಂಬತ್ತನೇ ಕ್ಲಾಸಿನ ಹುಡುಗರು ಗಲಾಟೆ ಮಾಡುತ್ತಾರೆ ಅಂತ ಸಂಜೆ ಅಳುತ್ತಾ ಬರುತ್ತಾಳೆ. ಬಿಟ್ಟುಬಿಡ್ತೀನಿ ಅಂತಾಳೆ. ಅವಳದ್ದು ಭೌತಶಾಸ್ತ್ರ. ಏನು ಹೇಳೋದು? (ಚಾಮರಾಜಪೇಟೆ)

ಸರ್, ಮೊದಲು ಮಗಳಿಗೆ ಹೇಳಿ, ಒಂಬತ್ತನೇ ಕ್ಲಾಸು ಎಲ್ಲರನ್ನೂ ಅಳಿಸಿದೆ. ಎಂಟರಲ್ಲಿ ಹೊಸ ಶಾಲೆ ಅನ್ನೋ ಹೆದರಿಕೆ ಇರುತ್ತೆ, ಹತ್ತರಲ್ಲಿ ಪಬ್ಲಿಕ್ ಪರೀಕ್ಷೆ ಭಯ. ಒಂಬತ್ತಕ್ಕೆ ಯಾವ ಭಯವೂ ಇಲ್ಲ. ಅದರ ಮೇಲೆ ಬಿ.ಎಡ್. ಟೀಚರ್ ಅಂದರೆ ನಾಲ್ಕು ದಿನದ ನೆಂಟರು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಬಿ.ಎಡ್. ಕಾಲೇಜಿನಲ್ಲಿ ಸೂಕ್ಷ್ಮ ಬೋಧನೆ ಅಂತ ಮಾಡಿಸಿರುತ್ತಾರೆ. ಆರೇ ನಿಮಿಷ, ಎದುರಿಗೆ ಸ್ವಂತ ಗೆಳತಿಯರೇ ವಿದ್ಯಾರ್ಥಿಗಳು. ಕೇಳಿದ್ದಕ್ಕೆಲ್ಲ ಸರಿ ಉತ್ತರ ಕೊಡುತ್ತಾರೆ, ತಲೆ ಆಡಿಸುತ್ತಾರೆ. ಒಂದೊಂದು ಕೌಶಲವನ್ನೂ ಬಿಡಿಸಿ ಕಲಿಯೋದಕ್ಕೆ ಅದು ಒಳ್ಳೆಯದೇ. ಆದರೆ ನಿಜವಾದ ಕ್ಲಾಸಿನಲ್ಲಿ ನಲವತ್ತು ನಿಮಿಷ ಇರುತ್ತೆ, ಫ್ಯಾನಿನ ಸದ್ದು ಇರುತ್ತೆ, ಪಕ್ಕದ ಕ್ಲಾಸಿನಲ್ಲಿ ಮೇಷ್ಟ್ರು ಬಂದಿರುವುದಿಲ್ಲ.

ಮಗಳ ಲೆಸನ್ ಪ್ಲಾನ್ ಪುಸ್ತಕ ಒಂದು ಸಲ ತೆಗೆದು ನೋಡಿ. ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ ಅಂತ ಉದ್ದುದ್ದ ಗೆರೆ ಎಳೆದಿರುತ್ತಾಳೆ. ಶಿಕ್ಷಕರ ಕಾಲಂ ತುಂಬಿ ತುಳುಕುತ್ತಿರುತ್ತೆ. ವಿದ್ಯಾರ್ಥಿಗಳ ಕಾಲಮಿನಲ್ಲಿ 'ಆಲಿಸುವರು', 'ಉತ್ತರಿಸುವರು', 'ಬರೆದುಕೊಳ್ಳುವರು', ಇಷ್ಟೇ. ಗಲಾಟೆ ಹುಟ್ಟೋದೇ ಅಲ್ಲಿ. ಕೈಗೆ ಕೆಲಸ ಇಲ್ಲದ ಹದಿನಾಲ್ಕು ವರ್ಷದ ಹುಡುಗ ಎಷ್ಟು ಹೊತ್ತು ಆಲಿಸಿಯಾನು?

ಒಂಬತ್ತರಲ್ಲಿ ಬಲ ಮತ್ತು ಚಲನೆ ಪಾಠ ಇದೆ. ಜಡತ್ವ ಹೇಳಬೇಕು ಅನ್ನಿ. ಹೆಚ್ಚಿನವರು ಬೋರ್ಡಿನ ಮೇಲೆ ವ್ಯಾಖ್ಯೆ ಬರೆದು ಶುರು ಮಾಡುತ್ತಾರೆ. ಅವಳಿಗೆ ಹೇಳಿ, ಅಂದು ಒಂದು ಸ್ಟೀಲ್ ಲೋಟ, ಒಂದು ಹಳೇ ಮದುವೆ ಕಾರ್ಡು, ಐದು ರೂಪಾಯಿ ನಾಣ್ಯ ತಗೊಂಡು ಹೋಗಲಿ. ಲೋಟದ ಮೇಲೆ ಕಾರ್ಡು, ಕಾರ್ಡಿನ ಮೇಲೆ ನಾಣ್ಯ. ಏನೂ ಹೇಳದೆ ಕೊನೇ ಬೆಂಚಿನ, ಅತಿ ಜಾಸ್ತಿ ಸದ್ದು ಮಾಡುವ ಹುಡುಗನನ್ನೇ ಕರೆಯಲಿ. 'ಕಾರ್ಡನ್ನು ಬೆರಳಲ್ಲಿ ಜೋರಾಗಿ ಚಿಮ್ಮು' ಅನ್ನಲಿ. ಕಾರ್ಡು ಹಾರುತ್ತೆ, ನಾಣ್ಯ ಟಣ್ ಅಂತ ಲೋಟದೊಳಗೆ ಬೀಳುತ್ತೆ. ಮೊದಲ ಸಲ ಅವನು ಮೆಲ್ಲಗೆ ತಳ್ಳಿ ನಾಣ್ಯವೂ ಜೊತೆಗೇ ಹೋದರೆ ಇನ್ನೂ ಒಳ್ಳೆಯದು. ಯಾಕೆ ಹೋಯಿತು, ಜೋರಾಗಿ ಹೊಡೆದಾಗ ಯಾಕೆ ಹೋಗಲಿಲ್ಲ ಅಂತ ಕ್ಲಾಸೇ ಜಗಳಕ್ಕೆ ನಿಲ್ಲುತ್ತೆ. ಆ ಜಗಳ ಐದು ನಿಮಿಷ ನಡೆಯಲಿ. ಆಮೇಲೆ ಬಿ.ಎಂ.ಟಿ.ಸಿ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ಎಲ್ಲರೂ ಮುಂದಕ್ಕೆ ಯಾಕೆ ವಾಲುತ್ತಾರೆ ಅಂತ ಕೇಳಲಿ. ವ್ಯಾಖ್ಯೆ ಕೊನೆಗೆ ಬರಲಿ, ಅದೂ ಮಕ್ಕಳ ಬಾಯಿಂದಲೇ ಅರ್ಧ ಬಂದಿರುತ್ತೆ. ಈ ಚಟುವಟಿಕೆ ಅವರ ಪಠ್ಯಪುಸ್ತಕದಲ್ಲೇ ಇದೆ, ನಾನು ಕಂಡುಹಿಡಿದದ್ದೇನಲ್ಲ. ಪುಸ್ತಕದಲ್ಲಿ ಓದೋದಕ್ಕೂ ಕೈಯಲ್ಲಿ ಮಾಡೋದಕ್ಕೂ ಇರುವ ವ್ಯತ್ಯಾಸವೇ ಇಂಟರ್ನ್‌ಶಿಪ್.

ಇನ್ನು ಸಣ್ಣಪುಟ್ಟ ವಿಷಯ. ಬೋರ್ಡಿಗೆ ಪೂರ್ತಿ ಮುಖ ಮಾಡಿ ಬರೆಯಬಾರದು, ಓರೆಯಾಗಿ ನಿಂತು ಬರೆಯೋದು ಅಭ್ಯಾಸ ಮಾಡಲಿ, ಒಂದು ಕಣ್ಣು ಕ್ಲಾಸಿನ ಮೇಲಿರಲಿ. ಹೊಸ ಚಾಕ್‌ಪೀಸ್ ಕಿರ್ ಅನ್ನುತ್ತೆ, ಎರಡು ತುಂಡು ಮಾಡಿಕೊಂಡರೆ ಅನ್ನುವುದಿಲ್ಲ. ಮೊದಲ ವಾರದಲ್ಲೇ ಹೆಸರು ಕಲಿಯಬೇಕು. 'ಏಯ್ ನೀಲಿ ಸ್ವೆಟರ್' ಅಂದರೆ ಯಾರೂ ತಿರುಗುವುದಿಲ್ಲ, ಹೆಸರು ಹಿಡಿದು ಕರೆದರೆ ಎಂಥ ತರಲೆಯೂ ಒಂದು ಕ್ಷಣ ತಣ್ಣಗಾಗುತ್ತಾನೆ. ದನಿ ಏರಿಸಬಾರದು. ಅವರ ದನಿ ನಲವತ್ತು, ಇವಳದ್ದು ಒಂದು, ಗೆಲ್ಲೋದಿಲ್ಲ.

ಆ ಶಾಲೆಯ ಭೌತಶಾಸ್ತ್ರದ ಟೀಚರ್ ಹತ್ತಿರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಅವರ ಪಾಠ ನೋಡಲಿ. ಕೆಲವು ಶಾಲೆಗಳಲ್ಲಿ ಬಿ.ಎಡ್. ಮಕ್ಕಳು ಬಂದ ಕೂಡಲೇ ಪೀರಿಯಡ್ ಅವರ ಕೈಗೆ ಕೊಟ್ಟು ಖಾಯಂ ಟೀಚರ್‌ಗಳು ಸ್ಟಾಫ್ ರೂಮಿಗೆ ಹೋಗಿಬಿಡುತ್ತಾರೆ. ಅದು ತಪ್ಪು, ಕಾಲೇಜಿನ ಮೇಲ್ವಿಚಾರಕರಿಗೆ ಹೇಳಬೇಕು. ಬಿಡೋ ಮಾತು ಹದಿನಾರು ವಾರ ಮುಗಿಯೋವರೆಗೆ ಬೇಡ. ಆಮೇಲೂ ಅಳು ನಿಲ್ಲದಿದ್ದರೆ ಬಲವಂತ ಮಾಡಬೇಡಿ ಸರ್. ಭೌತಶಾಸ್ತ್ರ ಓದಿದವಳಿಗೆ ಬೇರೆ ಕೆಲಸ ಇದ್ದೇ ಇವೆ.

ಪ್ರಶ್ನೆ: ಟೀಚರ್ ಕೆಲಸದಲ್ಲಿ ವರ್ಷಕ್ಕೆ ಎರಡು ತಿಂಗಳು ರಜೆ, ಸಂಜೆ ನಾಲ್ಕೂವರೆಗೆ ಮನೆ. ಹೆಂಗಸರಿಗೆ ಹೇಳಿ ಮಾಡಿಸಿದ ಕೆಲಸ ಅಲ್ವಾ? (ಬಸವನಗುಡಿ)

2025ರ ದಸರಾ ರಜೆಯಲ್ಲಿ ಸರ್ಕಾರಿ ಟೀಚರ್‌ಗಳು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಅಂತ ಮನೆಮನೆ ಬಾಗಿಲು ಬಡಿಯುತ್ತಿದ್ದರು. ನಿಮ್ಮ ಮನೆಗೂ ಬಂದಿರಬೇಕು. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ, ಚುನಾವಣೆ ಬಂದರೆ ಮತಗಟ್ಟೆ. ಸಂಜೆ ನಾಲ್ಕೂವರೆಗೆ ಮನೆಗೆ ಬರೋದು ನಿಜ, ಬ್ಯಾಗಿನಲ್ಲಿ ಎಂಬತ್ತು ನೋಟ್‌ಬುಕ್ಕೂ ಬರುತ್ತವೆ. ಆಮೇಲೆ, ಮನೆಗೆ ಬೇಗ ಬರೋ ಕೆಲಸ ಗಂಡಸರಿಗೆ ಯಾಕೆ ಹೇಳಿ ಮಾಡಿಸಿದ್ದಲ್ಲ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಪ್ರಶ್ನೆ: ಎಂ.ಎ. ಕನ್ನಡ, ಬಿ.ಎಡ್. ಆಗಿದೆ. ಊರು ಕಲಬುರಗಿ ಜಿಲ್ಲೆ. ಬೆಂಗಳೂರಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಅತಿಥಿ ಶಿಕ್ಷಕನಾಗಿದ್ದೇನೆ. ಕಾಯಂ ನೇಮಕಾತಿಗೆ ಕಾಯೋದಾ, ಖಾಸಗಿ ಶಾಲೆ ಸೇರೋದಾ? (ಬಾಗಲಗುಂಟೆ)

ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು. ಅದೂ ಶಾಲೆ ನಡೆಯುವ ತಿಂಗಳಲ್ಲಿ ಮಾತ್ರ. ಬಾಗಲಗುಂಟೆಯ ಪಿ.ಜಿ. ಬಾಡಿಗೆ, ಊಟ ಕಳೆದರೆ ಏನು ಉಳಿಯುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಿದ್ದೂ ಆ ಅನುಭವಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಕಾಯಂ ಟೀಚರ್ ಮಾಡುವ ಎಲ್ಲ ಕೆಲಸವನ್ನೂ ನಿಮ್ಮ ಕೈಯಲ್ಲಿ ಮಾಡಿಸಿರುತ್ತಾರೆ.

ಬೆಂಗಳೂರಿನಲ್ಲಿ ಕನ್ನಡ ಟೀಚರ್‌ಗೆ ಕೆಲಸ ಸಿಗದೇ ಇರೋದಿಲ್ಲ. ಯಾವ ಬೋರ್ಡಿನ ಶಾಲೆಯೇ ಆಗಲಿ, ರಾಜ್ಯದ ಕಾನೂನಿನ ಪ್ರಕಾರ ಕನ್ನಡ ಕಲಿಸಲೇಬೇಕು. ಮನೆಯಲ್ಲಿ ಹಿಂದಿ, ತೆಲುಗು, ಬಂಗಾಳಿ ಮಾತಾಡುವ ಮಕ್ಕಳಿಗೆ ಅಆಇಈ ಇಂದ ಶುರು ಮಾಡಬೇಕಾಗುತ್ತೆ, ಹಳಗನ್ನಡ ಓದಿದವರಿಗೆ ಮೊದಮೊದಲು ಕಸಿವಿಸಿ ಆಗಬಹುದು. ಆದರೂ ನನ್ನ ಮಾತು ಕೇಳೋದಾದರೆ ಖಾಸಗಿ ಶಾಲೆಗೆ ಸೇರಿ. ಹೊಟ್ಟೆ ತುಂಬಿದ್ದರೆ ಸಿ.ಇ.ಟಿ.ಗೆ ಓದೋಕೆ ಆಗುತ್ತೆ. ಸೇರುವಾಗ ಒಂದು ಎಚ್ಚರ. ಒರಿಜಿನಲ್ ಅಂಕಪಟ್ಟಿ ಕೊಟ್ಟುಬಿಡಿ ಅಂತ ಕೇಳುವ ಶಾಲೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ನೇಮಕಾತಿಯ ದಾಖಲೆ ಪರಿಶೀಲನೆ ದಿನ ಅವು ನಿಮ್ಮ ಕೈಯಲ್ಲೇ ಇರಬೇಕು.

ನಿಮ್ಮ ಹತ್ತಿರ ಇನ್ನೂ ಎರಡು ಬಾಗಿಲಿವೆ, ಪತ್ರದಲ್ಲಿ ಅದರ ಮಾತೇ ಇಲ್ಲ. ಎಂ.ಎ.ಯಲ್ಲಿ ಶೇ 55 ಇದ್ದರೆ ಪಿ.ಯು. ಉಪನ್ಯಾಸಕರ ಹುದ್ದೆಗೂ ನೀವು ಅರ್ಹರು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ನೇಮಕಾತಿ ಬೇರೆಯಾಗಿಯೇ ನಡೆಯುತ್ತೆ, ಅದನ್ನೂ ಗಮನಿಸುತ್ತಿರಿ. ಅಲ್ಲಿ ಮಕ್ಕಳ ಜೊತೆ ಇಪ್ಪತ್ನಾಲ್ಕು ಗಂಟೆಯ ಬದುಕು, ಮದುವೆಗೆ ಮುಂಚೆ ಹೋಗಿ ಬರಲು ಒಳ್ಳೆಯ ಜಾಗ.

ಕಲಬುರಗಿಯವರಾದ ನಿಮಗೆ ಸಂವಿಧಾನದ 371 ಜೆ ವಿಧಿ ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹುದ್ದೆಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಮೀಸಲು. ಅದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು, ಅದು ಸಿಗೋದು ನಿಮ್ಮ ಊರಿನ ಕಡೆಯ ಸಹಾಯಕ ಆಯುಕ್ತರ ಕಚೇರಿಯಿಂದ, ಬೆಂಗಳೂರಿನಲ್ಲಿ ಅಲ್ಲ. ಒಂದರಿಂದ ಹತ್ತನೇ ಕ್ಲಾಸು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಸರ್ಟಿಫಿಕೇಟು, ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಸರ್ಟಿಫಿಕೇಟು. ಇವಕ್ಕೆ ನೀವು ಓದಿದ ಶಾಲೆಯ ಎಚ್.ಎಂ. ಸಹಿ, ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಅಧಿಸೂಚನೆ ಬಂದ ಮೇಲೆ ಕಲಬುರಗಿ ಬಸ್ ಹತ್ತಿದರೆ ಎಚ್.ಎಂ. ತರಬೇತಿಗೆ ಹೋಗಿರುತ್ತಾರೆ, ಬಿ.ಇ.ಒ. ಮೀಟಿಂಗ್‌ನಲ್ಲಿರುತ್ತಾರೆ, ಕೊನೇ ದಿನಾಂಕ ಮುಗಿದಿರುತ್ತೆ. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಎರಡು ದಿನ ಹೆಚ್ಚಿಗೆ ರಜೆ ಹಾಕಿ, ಶಾಲೆ ತೆಗೆದಿರುವ ದಿನ ನೋಡಿಕೊಂಡು ಹೋಗಿ, ಮೂರನ್ನೂ ಮಾಡಿಸಿಕೊಂಡು ಬನ್ನಿ. ಜೆರಾಕ್ಸ್ ಮಾಡಿಸುವಾಗ ಹಿಂದಿನ ಪುಟವನ್ನೂ ಮಾಡಿಸಿ, ಮೇಲುಸಹಿ ಎಷ್ಟೋ ಸಲ ಅಲ್ಲೇ ಇರುತ್ತೆ.